ಮತ ಕಡಿಮೆಯಾಗದೆ ಬಂದ ಸೋಲು: ಕಲಬುರಗಿ, 2019

2014ರಲ್ಲಿ ಗೆದ್ದಾಗ ಮಲ್ಲಿಕಾರ್ಜುನ ಖರ್ಗೆ ಅವರಿಗೆ ಬಿದ್ದ ಮತ 5,07,193. 2019ರಲ್ಲಿ ಸೋತಾಗ ಬಿದ್ದದ್ದು 5,24,740. ಸೋತ ಸಲವೇ 17,547 ಮತ ಹೆಚ್ಚು. ಈ ಲೆಕ್ಕವನ್ನು ಪಕ್ಕಕ್ಕಿಟ್ಟು ಆ ಸೋಲಿನ ಬಗ್ಗೆ ಏನು ಮಾತಾಡಿದರೂ ಅದು ಅರ್ಧಕ್ಕೇ ನಿಲ್ಲುತ್ತದೆ. 'ಜನ ಕೈಬಿಟ್ಟರು', 'ಕೆಲಸ ಮರೆತರು', '371(ಜೆ) ಮತ ತರಲಿಲ್ಲ' (ಹಿಂದುಳಿದ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಅವಕಾಶ ಕೊಟ್ಟ, ಖರ್ಗೆ ಮುಂದೆ ನಿಂತು ತಂದ ಸಂವಿಧಾನದ ವಿಧಿ ಅದು) ಎಂಬ ಮಾತುಗಳು ಐದು ವರ್ಷ ಜಿಲ್ಲೆಯಲ್ಲಿ ಓಡಾಡಿದವು. ಅಂಕಿಗಳು ಬೇರೆಯೇ ಹೇಳುತ್ತವೆ: ಅವರ ಹಿಂದೆ ನಿಂತಿದ್ದವರು ಒಟ್ಟಾರೆ ನಿಂತೇ ಇದ್ದರು, ಎದುರಿನ ಸಾಲು ಮಾತ್ರ 1,87,732ರಷ್ಟು ಉದ್ದವಾಯಿತು.

ಪ್ರಕರಣದ ಹರಹು ಕಾಣಲು ನಾಲ್ಕು ಚುನಾವಣೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಊರಿನ ಹೆಸರು 2014ರ ನವೆಂಬರ್‌ನಲ್ಲಿ ಕಲಬುರಗಿ ಆಯಿತು. ಚುನಾವಣಾ ಆಯೋಗದ ದಾಖಲೆಯಲ್ಲಿ ಕ್ಷೇತ್ರದ ಹೆಸರು ಈಗಲೂ ಗುಲ್ಬರ್ಗ.

2009: ಕಾಂಗ್ರೆಸ್ 3,45,241, ಬಿಜೆಪಿ 3,31,837. ಕಾಂಗ್ರೆಸ್ಸಿಗೆ 13,404 ಮತಗಳ ಗೆಲುವು.
2014: ಕಾಂಗ್ರೆಸ್ 5,07,193, ಬಿಜೆಪಿ 4,32,460. ಕಾಂಗ್ರೆಸ್ಸಿಗೆ 74,733 ಮತಗಳ ಗೆಲುವು.
2019: ಕಾಂಗ್ರೆಸ್ 5,24,740, ಬಿಜೆಪಿ 6,20,192. ಬಿಜೆಪಿಗೆ 95,452 ಮತಗಳ ಗೆಲುವು.
2024: ಕಾಂಗ್ರೆಸ್ 6,52,321, ಬಿಜೆಪಿ 6,25,116. ಕಾಂಗ್ರೆಸ್ಸಿಗೆ 27,205 ಮತಗಳ ಗೆಲುವು.

ಮೊದಲ ಮೂರರಲ್ಲಿ ಕಾಂಗ್ರೆಸ್ ಅಭ್ಯರ್ಥಿ ಖರ್ಗೆ, ನಾಲ್ಕನೆಯದರಲ್ಲಿ ಅವರ ಅಳಿಯ ರಾಧಾಕೃಷ್ಣ ದೊಡ್ಡಮನಿ. ಬಿಜೆಪಿಯಿಂದ ಮೊದಲೆರಡು ಸಲ ರೇವುನಾಯಕ ಬೆಳಮಗಿ, ನಂತರದ ಎರಡು ಸಲ ಡಾ. ಉಮೇಶ ಜಾಧವ.

ಸೋಲಿಲ್ಲದ ಸರದಾರ

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ 1942ರ ಜುಲೈ 21ರಂದು ಹುಟ್ಟಿದ ಖರ್ಗೆ, ರಜಾಕಾರರ ಹಾವಳಿಯಲ್ಲಿ ತಾಯಿಯನ್ನು ಕಳೆದುಕೊಂಡು ತಂದೆಯ ಜೊತೆ ಕಲಬುರಗಿಗೆ ಬಂದವರು. ಕಾನೂನು ಓದಿ, 1969ರಲ್ಲಿ ಎಂಎಸ್‌ಕೆ ಮಿಲ್ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರರಾದರು. ಅದೇ ವರ್ಷ ಕಾಂಗ್ರೆಸ್ ಸೇರಿ ನಗರ ಘಟಕದ ಅಧ್ಯಕ್ಷರಾದರು. 1972ರಿಂದ 2004ರವರೆಗೆ ಗುರುಮಠಕಲ್ ಕ್ಷೇತ್ರದಲ್ಲಿ ಸತತ ಎಂಟು ಗೆಲುವು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾದಾಗ ಚಿತ್ತಾಪುರಕ್ಕೆ ಬಂದು ಒಂಬತ್ತನೆಯದು. ಅದೇ ಪುನರ್ವಿಂಗಡಣೆ ಗುಲ್ಬರ್ಗ ಲೋಕಸಭಾ ಕ್ಷೇತ್ರವನ್ನು ಪರಿಶಿಷ್ಟ ಜಾತಿಗೆ ಮೀಸಲಿಟ್ಟಿತು. 2009 ಮತ್ತು 2014ರಲ್ಲಿ ಅಲ್ಲಿಂದ ಗೆದ್ದು ಎಣಿಕೆ ಹನ್ನೊಂದಕ್ಕೆ ಮುಟ್ಟಿತು. 'ಸೋಲಿಲ್ಲದ ಸರದಾರ' ಎಂಬ ಬಿರುದು ಹೀಗೆ ಬಂತು.

ಹೆಸರೊಂದೇ ಸಾಕಾಗುವುದಿಲ್ಲ ಎಂಬ ಸೂಚನೆ ಮಾತ್ರ ಬೇಗನೇ ಸಿಕ್ಕಿತ್ತು. 2009ರಲ್ಲಿ ಅವರು ತೆರವು ಮಾಡಿದ ಚಿತ್ತಾಪುರದ ಉಪಚುನಾವಣೆಯಲ್ಲಿ ಮಗ ಪ್ರಿಯಾಂಕ್ ಖರ್ಗೆ ಬಿಜೆಪಿಯ ವಾಲ್ಮೀಕಿ ನಾಯಕ ಅವರಿಗೆ ಸೋತರು. ಅದಕ್ಕೂ ಒಂದು ವರ್ಷ ಮೊದಲು, 1972ರಿಂದ ಜೇವರ್ಗಿಯನ್ನು ಹಿಡಿದಿಟ್ಟಿದ್ದ ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಕೇವಲ 70 ಮತಗಳಿಂದ ಸೋತಿದ್ದರು. ಈ ಭಾಗದ ಹಳೆಯ ಕಾಂಗ್ರೆಸ್ ಕೋಟೆಗಳಲ್ಲಿ ಬಿರುಕು 2008ರಲ್ಲೇ ಕಂಡಿತ್ತು.

ಮೊದಲ ಸುಧಾರಣೆಗಳು: ಮನೆಗೆ ಬಂದ ಕಾಗದ

ಶಾಸಕರಾದ ಮರುವರ್ಷ, 1973ರಲ್ಲಿ, ಖರ್ಗೆ ಜಕಾತಿ ರದ್ದತಿ ಸಮಿತಿಯ ಅಧ್ಯಕ್ಷರಾದರು. ಊರೊಳಗೆ ಬರುವ ಪ್ರತಿ ಸರಕಿಗೂ ನಾಕೆಯಲ್ಲಿ ತೆರಿಗೆ ಕಟ್ಟಬೇಕಿದ್ದ ಕಾಲ ಅದು. ಬಂಡಿ, ಲಾರಿಗಳು ಪ್ರತಿ ಊರಿನ ಬಾಗಿಲಲ್ಲೂ ನಿಲ್ಲಬೇಕಿತ್ತು. 1976ರಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾದಾಗ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಬೇಕಿದ್ದು ಖಾಲಿ ಉಳಿದಿದ್ದ 16,000ಕ್ಕೂ ಹೆಚ್ಚು ಶಿಕ್ಷಕರ ಬ್ಯಾಕ್‌ಲಾಗ್ ಹುದ್ದೆಗಳನ್ನು ನೇರ ನೇಮಕಾತಿಯಲ್ಲಿ ತುಂಬಲಾಯಿತು. 1980ರಲ್ಲಿ ಗುಂಡೂರಾವ್ ಸಂಪುಟದ ಕಂದಾಯ ಸಚಿವರಾಗಿ ಭೂ ನ್ಯಾಯಮಂಡಳಿಗಳ ಸಂಖ್ಯೆ ಹೆಚ್ಚಿಸಿದರು.

ಇವುಗಳಲ್ಲಿ ಭೂ ಸುಧಾರಣೆ ಹೇಗೆ ನಡೆಯಿತೆಂಬುದನ್ನು ತಿಳಿದರೆ ಮುಂದಿನದು ಅರ್ಥವಾಗುತ್ತದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಗೇಣಿ ಜಮೀನು ಸರ್ಕಾರಕ್ಕೆ ಸೇರುತ್ತಿತ್ತು. ಗೇಣಿದಾರ ಫಾರಂ 7ರಲ್ಲಿ ಅರ್ಜಿ ಹಾಕಬೇಕಿತ್ತು. ಸಹಾಯಕ ಆಯುಕ್ತರ ಅಧ್ಯಕ್ಷತೆಯ ನ್ಯಾಯಮಂಡಳಿ ವಿಚಾರಣೆ ನಡೆಸಿ, ಉಳುಮೆ ನಿಜವೆಂದು ಕಂಡರೆ ಅಧಿಭೋಗದಾರಿಕೆ ಹಕ್ಕು ಕೊಡುತ್ತಿತ್ತು. ಅಲ್ಲಿಂದ ಪಹಣಿಯಲ್ಲಿ ಉಳುವವನ ಹೆಸರು ಕೂರುತ್ತಿತ್ತು. ತಡವಾದರೆ ಆಗುವ ಕೆಡುಕು ಸ್ಪಷ್ಟ. ಒಡೆಯ ಸಾಕ್ಷಿಗಳನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನೆ, ಗೇಣಿದಾರನನ್ನು ಜಮೀನಿನಿಂದ ಎಬ್ಬಿಸುತ್ತಾನೆ, ಅರ್ಜಿ ಬಿದ್ದುಹೋಗುತ್ತದೆ. ಆದ್ದರಿಂದ ನ್ಯಾಯಮಂಡಳಿಗಳನ್ನು ಹೆಚ್ಚಿಸಿದ್ದು ಕಾನೂನು ಮಾಡಿದಷ್ಟೇ ತೂಕದ ಕೆಲಸ.

ಈ ಹೊತ್ತಿನ ಸುಧಾರಣೆಗಳಿಗೆ ಒಂದು ಗುಣವಿತ್ತು. ಫಲ ಸಿಕ್ಕಿದ ಮನೆಗೆ ಅದು ಸಿಕ್ಕಿದ್ದು ಗೊತ್ತಿರುತ್ತಿತ್ತು. ಶಿಕ್ಷಕನಿಗೆ ಆದೇಶ ಪತ್ರ, ರೈತನಿಗೆ ಪಹಣಿ. ಯಾರ ಸರ್ಕಾರದಲ್ಲಿ ಬಂತು ಎಂಬುದೂ ಗೊತ್ತಿರುತ್ತಿತ್ತು.

371(ಜೆ): ದೊಡ್ಡ ಕಾನೂನು, ಉದ್ದನೆಯ ದಾರಿ

ಹಳೆಯ ಹೈದರಾಬಾದ್ ಸಂಸ್ಥಾನ 1956ರಲ್ಲಿ ಮೂರು ಪಾಲಾಯಿತು. ಮರಾಠಿ ಭಾಗಕ್ಕೆ 371ನೇ ವಿಧಿಯಡಿ ಅಭಿವೃದ್ಧಿ ಮಂಡಳಿಗೆ ಅವಕಾಶ ಸಿಕ್ಕಿತು. ತೆಲುಗು ಭಾಗವಿದ್ದ ಆಂಧ್ರಕ್ಕೆ 1973ರಲ್ಲಿ 371(ಡಿ) ಬಂತು. ಕನ್ನಡದ ಪಾಲಾದ ಹೈದರಾಬಾದ್ ಕರ್ನಾಟಕ ಮಾತ್ರ ಬರಿಗೈಯಲ್ಲಿ ಉಳಿಯಿತು. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದಾಗ ಅತ್ಯಂತ ಹಿಂದುಳಿದವು 39 ಎಂದು ಕಂಡುಬಂತು. ಅದರಲ್ಲಿ 21 ಗುಲ್ಬರ್ಗ ವಿಭಾಗದವು. ವೈಜನಾಥ ಪಾಟೀಲರಂಥ ಹೋರಾಟಗಾರರು ಬೀದಿಯಲ್ಲಿ ವರ್ಷಗಟ್ಟಲೆ ಕೇಳಿದ್ದನ್ನು ಎನ್‌ಡಿಎ ಸರ್ಕಾರ ಆಗುವುದಿಲ್ಲ ಎಂದಿತ್ತು. ಯುಪಿಎ ಎರಡನೇ ಅವಧಿಯಲ್ಲಿ ಕಾರ್ಮಿಕ ಸಚಿವರಾಗಿದ್ದ ಖರ್ಗೆ ಸಂಪುಟದ ಒಳಗಿನಿಂದ ಅದನ್ನು ತಳ್ಳಿದರು. 2012ರ ಡಿಸೆಂಬರ್ 18ರಂದು ಲೋಕಸಭೆ, ಮರುದಿನ ರಾಜ್ಯಸಭೆ ಒಪ್ಪಿದವು. 98ನೇ ತಿದ್ದುಪಡಿಯಾಗಿ ಅದು ಸಂವಿಧಾನ ಸೇರಿತು. ಈ ನೆಲಕ್ಕೆ ಅದು ಎಷ್ಟು ದೊಡ್ಡದೆಂದು ಬೆಂಗಳೂರಿನಲ್ಲಿ ಕೂತು ತಿಳಿಯುವುದು ಕಷ್ಟ.

ವಿಧಿ ಮೂರು ವಿಷಯದಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಡುತ್ತದೆ: ಪ್ರತ್ಯೇಕ ಅಭಿವೃದ್ಧಿ ಮಂಡಳಿ ಮತ್ತು ವರ್ಷಕ್ಕೊಮ್ಮೆ ಅದರ ವರದಿಯನ್ನು ವಿಧಾನಸಭೆಯ ಮುಂದಿಡುವುದು, ಅನುದಾನದ ನ್ಯಾಯಯುತ ಹಂಚಿಕೆ, ಉದ್ಯೋಗ, ಶಿಕ್ಷಣ, ವೃತ್ತಿ ತರಬೇತಿಯಲ್ಲಿ ಸಮಾನ ಅವಕಾಶ. ಇದನ್ನು ಕಾರ್ಯರೂಪಕ್ಕೆ ತರುವ ಆದೇಶಗಳು 2013ರ ನವೆಂಬರ್‌ನಲ್ಲಿ ಬಂದವು. ಈ ಭಾಗದೊಳಗಿನ ಸ್ಥಳೀಯ ವೃಂದದ ಹುದ್ದೆಗಳಲ್ಲಿ 'ಎ', 'ಬಿ' ಗುಂಪಿಗೆ ಶೇ 75, 'ಸಿ' ಗುಂಪಿಗೆ ಶೇ 80, 'ಡಿ' ಗುಂಪಿಗೆ ಶೇ 85 ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8.

ಈಗ ಇದು ಒಬ್ಬ ವಿದ್ಯಾರ್ಥಿಗೆ ತಲುಪುವ ದಾರಿ ನೋಡಿ. ಮೊದಲು ಅರ್ಹತಾ ಪ್ರಮಾಣಪತ್ರ ಬೇಕು. ಈ ಭಾಗದಲ್ಲಿ ಹುಟ್ಟಿದ್ದಕ್ಕೋ ನೆಲೆಸಿದ್ದಕ್ಕೋ ದಾಖಲೆ ಒದಗಿಸಿ ಅರ್ಜಿ ಹಾಕಬೇಕು. ಶಾಲೆಯ ವ್ಯಾಸಂಗ ಪತ್ರ, ತಂದೆ ತಾಯಿಯ ದಾಖಲೆ, ಗ್ರಾಮ ಲೆಕ್ಕಿಗರ ಮತ್ತು ಕಂದಾಯ ನಿರೀಕ್ಷಕರ ವರದಿ ಎಲ್ಲ ಸೇರಿ ಕಡತ ಉಪವಿಭಾಗದ ಸಹಾಯಕ ಆಯುಕ್ತರ ಮೇಜಿಗೆ ಹೋಗುತ್ತದೆ. ನೇಮಕಾತಿ ಪ್ರಕಟಣೆ ಹೊರಟಾಗ ಹುದ್ದೆಗಳು ಎರಡು ಪಟ್ಟಿಯಲ್ಲಿರುತ್ತವೆ: ಉಳಿಕೆ ಮೂಲ ವೃಂದ (ರಾಜ್ಯದ ಉಳಿದ ಭಾಗದ ಹುದ್ದೆಗಳು) ಮತ್ತು ಹೈದರಾಬಾದ್ ಕರ್ನಾಟಕ ವೃಂದ. ಅರ್ಜಿಯಲ್ಲೇ ಮೀಸಲಾತಿ ಕೋರದಿದ್ದರೆ, ಅಥವಾ ಪ್ರಮಾಣಪತ್ರ ಕೊನೆಯ ದಿನಾಂಕದೊಳಗೆ ಕೈಯಲ್ಲಿಲ್ಲದಿದ್ದರೆ, ಹಕ್ಕು ಇದ್ದೂ ತಪ್ಪುತ್ತದೆ.

ಎಡವುವ ಕಡೆಗಳು ಇನ್ನೂ ಇವೆ. ಶೇ 75 ಎಂಬುದು ತುಂಬುವ ಹುದ್ದೆಯ ಲೆಕ್ಕ. ಇಲಾಖೆ ನೇಮಕಾತಿಗೇ ಹೊರಡದಿದ್ದರೆ ಶೇ 75 ಎಂದರೂ ಸೊನ್ನೆಯೇ. ಸ್ವಂತ ಅಂಕಗಳಿಂದಲೇ ಸಾಮಾನ್ಯ ಪಟ್ಟಿಗೆ ಬರುವ ಕಲಬುರಗಿಯ ಹುಡುಗಿಯನ್ನು ಮೀಸಲು ಲೆಕ್ಕಕ್ಕೆ ಹಾಕಿದರೆ ಅವಳ ಹಿಂದಿದ್ದವರಿಗೆ ಒಂದು ಸ್ಥಾನ ಕಡಿಮೆಯಾಗುತ್ತದೆ. ಈ ಲೆಕ್ಕ ಹೇಗೆ ಹಾಕಬೇಕೆಂಬುದರ ಮೇಲೆ ಸುತ್ತೋಲೆಗಳೂ ವ್ಯಾಜ್ಯಗಳೂ ಬೆಳೆದವು. ಅಭಿವೃದ್ಧಿ ಮಂಡಳಿಯ ಹಣ ರಸ್ತೆ, ಶಾಲಾ ಕೋಣೆ, ಚರಂಡಿಯ ರೂಪದಲ್ಲಿ ಬರುತ್ತದೆ, ಅದರ ಕಾಮಗಾರಿ ಪಟ್ಟಿ ಶಾಸಕರ ಕೈಯಲ್ಲಿ ಹಾದುಬರುತ್ತದೆ. ಹೀಗಾಗಿ ಅಡಿಗಲ್ಲಿನ ಮೇಲೆ ಆ ಹೊತ್ತಿನ ಶಾಸಕರ ಹೆಸರು, ಅವರು ಯಾವ ಪಕ್ಷದವರೇ ಆಗಿರಲಿ.

ಸಂವಿಧಾನ ತಿದ್ದುಪಡಿಗೆ ಮೂರನೇ ಎರಡರಷ್ಟು ಬಹುಮತ ಬೇಕಾದ್ದರಿಂದ ಬಿಜೆಪಿಯೂ ಬೆಂಬಲಿಸಿತ್ತು. ಆಗ ರಾಜ್ಯದಲ್ಲಿ ಬಿಜೆಪಿ ಸರ್ಕಾರವೇ ಇತ್ತು, ವಿಧಾನಮಂಡಲದ ಎರಡೂ ಸದನಗಳು ನಿರ್ಣಯ ಮಾಡಿದ್ದವು. 2019ರ ಸೆಪ್ಟೆಂಬರ್ 17ರಂದು ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾದದ್ದು ಯಡಿಯೂರಪ್ಪ ಸರ್ಕಾರದಲ್ಲಿ, ಮಂಡಳಿಯ ಅನುದಾನ 1,500 ಕೋಟಿಯಿಂದ 3,000 ಕೋಟಿಗೆ ಏರಿದ್ದು ಬೊಮ್ಮಾಯಿ ಸರ್ಕಾರದಲ್ಲಿ. ಕಾನೂನು ಎಲ್ಲರದಾಯಿತು. ಸುಧಾರಣೆಗೆ ಇದಕ್ಕಿಂತ ಒಳ್ಳೆಯ ಗತಿ ಇಲ್ಲ; ಅದನ್ನು ತಂದವರಿಗೆ ಚುನಾವಣೆಯಲ್ಲಿ ಅದರಿಂದ ಹೊಸದೇನೂ ದಕ್ಕುವುದಿಲ್ಲ.

ಹಾಗಂತ 371(ಜೆ) ಮತ ತರಲಿಲ್ಲ ಅನ್ನುವುದು ತಪ್ಪು. ತಂದಿತು, 2014ರಲ್ಲಿ. ದೇಶದಲ್ಲಿ ಕಾಂಗ್ರೆಸ್ 44ಕ್ಕೆ ಕುಸಿದ ಆ ಚುನಾವಣೆಯಲ್ಲಿ ಕಲಬುರಗಿಯಲ್ಲಿ ಅದರ ಗೆಲುವಿನ ಅಂತರ 13,404ರಿಂದ 74,733ಕ್ಕೆ ಹೋಯಿತು. ಖರ್ಗೆ ಮತ ಐದು ವರ್ಷದಲ್ಲಿ 1,61,952 ಹೆಚ್ಚಿತು. ಆಗಿನ್ನೂ ಆದೇಶಗಳು ಹೊರಟು ಆರು ತಿಂಗಳು, ಫಲ ಉಂಡವರು ಬೆರಳೆಣಿಕೆ. ಜನ ಮತ ಹಾಕಿದ್ದು ಭರವಸೆಗೆ. ಸೇಡಂ ರಸ್ತೆಯ ಇಎಸ್‌ಐ ವೈದ್ಯಕೀಯ ಕಾಲೇಜು, ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, 2013ರ ಜೂನ್‌ನಿಂದ ಕೈಗೆ ಬಂದಿದ್ದ ರೈಲ್ವೆ ಖಾತೆ ಎಲ್ಲ ಆ ಭರವಸೆಗೆ ಬಲ ಕೊಟ್ಟಿದ್ದವು. ಅದೇ ವರ್ಷ ಪಕ್ಕದ ಬೀದರ್‌ನಲ್ಲಿ, ಅದೇ 371(ಜೆ) ವ್ಯಾಪ್ತಿಯಲ್ಲಿ, ಹಾಲಿ ಸಂಸದ ಧರ್ಮಸಿಂಗ್ ಬಿಜೆಪಿಯ ಭಗವಂತ ಖೂಬಾ ಅವರಿಗೆ ಸೋತರು. ಈ ಭಾಗದ ಐದು ಕ್ಷೇತ್ರಗಳಲ್ಲಿ ಕಾಂಗ್ರೆಸ್ ಗೆದ್ದದ್ದು ಕಲಬುರಗಿ ಮತ್ತು ರಾಯಚೂರು ಎರಡನ್ನೇ. ಕಾನೂನು ಐದಕ್ಕೂ ಒಂದೇ, ಹೆಸರು ಅಂಟಿದ್ದು ಕಲಬುರಗಿಯಲ್ಲಿ.

ಮಾನ್ಯತೆಯಿಲ್ಲದ ವಿರೋಧ ಪಕ್ಷದ ನಾಯಕ

ವಿರೋಧ ಪಕ್ಷದ ನಾಯಕನ ಕೆಲಸ ಖರ್ಗೆ ಅವರಿಗೆ ಹೊಸದಲ್ಲ. ವಿಧಾನಸಭೆಯಲ್ಲಿ 1996ರಿಂದ 99ರವರೆಗೆ, ಮತ್ತೆ 2008ರಲ್ಲಿ ಆ ಕುರ್ಚಿಯಲ್ಲಿದ್ದರು. 2014ರ ಲೋಕಸಭೆಯಲ್ಲಿ ಮಾತ್ರ ಕುರ್ಚಿಯೇ ಸಿಗಲಿಲ್ಲ. 543ರ ಹತ್ತನೇ ಒಂದರ ರೂಢಿಯ ಪ್ರಕಾರ 55 ಸದಸ್ಯರು ಬೇಕು; ಕಾಂಗ್ರೆಸ್ಸಿಗೆ ಇದ್ದದ್ದು 44. ಸ್ಪೀಕರ್ ಸುಮಿತ್ರಾ ಮಹಾಜನ್ ಮಾನ್ಯತೆ ಕೊಡಲಿಲ್ಲ. ಖರ್ಗೆ ಸದನದಲ್ಲಿ ಕಾಂಗ್ರೆಸ್ ಪಕ್ಷದ ನಾಯಕರಾಗಿಯೇ ಐದು ವರ್ಷ ಕಳೆದರು.

ಇದು ಬರೀ ಗೌರವದ ಪ್ರಶ್ನೆಯಾಗಿರಲಿಲ್ಲ. ಲೋಕಪಾಲ ಆಯ್ಕೆ ಸಮಿತಿಯಲ್ಲಿ ಕಾನೂನಿನ ಪ್ರಕಾರ ಕೂರಬೇಕಾದವರು ವಿರೋಧ ಪಕ್ಷದ ನಾಯಕರು. ಆ ಮಾನ್ಯತೆ ಇಲ್ಲದ ಖರ್ಗೆ ಅವರಿಗೆ 'ವಿಶೇಷ ಆಹ್ವಾನಿತ'ರಾಗಿ ಬರಲು ಕರೆ ಬಂತು. ಮತವಿಲ್ಲದ, ಅಭಿಪ್ರಾಯ ದಾಖಲಾಗದ ಸ್ಥಾನ ಬೇಡವೆಂದು ಅವರು ಹೋಗಲಿಲ್ಲ. ಸಿಬಿಐ ನಿರ್ದೇಶಕರ ಆಯ್ಕೆ ಸಮಿತಿಯ ಕಾನೂನು ಮಾತ್ರ ಅಷ್ಟರಲ್ಲಿ ತಿದ್ದುಪಡಿಯಾಗಿ, ದೊಡ್ಡ ವಿರೋಧ ಪಕ್ಷದ ನಾಯಕರಿಗೆ ಅಲ್ಲಿ ಜಾಗ ಸಿಕ್ಕಿತ್ತು. 2019ರ ಜನವರಿ 10ರಂದು ಸಿಬಿಐ ನಿರ್ದೇಶಕ ಅಲೋಕ್ ವರ್ಮಾ ಅವರನ್ನು ತೆಗೆದಾಗ ಮೂವರ ಸಮಿತಿಯಲ್ಲಿ ಭಿನ್ನಮತ ಬರೆದವರು ಖರ್ಗೆ. 2017ರಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆಯೂ ಅವರದೇ. ಇಡೀ ರಾಜಕೀಯ ಜೀವನದಲ್ಲಿ ಸಂಸದೀಯವಾಗಿ ಅವರ ಅತ್ಯುತ್ತಮ ವರ್ಷಗಳು ಇವೇ ಎಂದು ನಮ್ಮ ಎಣಿಕೆ.

ಕ್ಷೇತ್ರದ ಲೆಕ್ಕದಲ್ಲಿ ಇದು ಬೇರೆ ರೀತಿ ಕಂಡಿತು. ಸಚಿವ ಖಾತೆ ಹೋದ ಮೇಲೆ ಅರ್ಧಕ್ಕೆ ನಿಂತವು ನಿಂತೇ ಇದ್ದವು. 2014ರಲ್ಲಿ ಘೋಷಣೆಯಾಗಿದ್ದ ಕಲಬುರಗಿ ರೈಲ್ವೆ ವಿಭಾಗ 2019ರ ಚುನಾವಣೆಯ ಹೊತ್ತಿಗೂ ಕೆಲಸ ಶುರು ಮಾಡಿರಲಿಲ್ಲ. ಎರಡು ದಶಕ ಎಳೆದಿದ್ದ ಬೀದರ್-ಕಲಬುರಗಿ ರೈಲು ಮಾರ್ಗ ಮುಗಿದದ್ದು 2017ರ ಅಕ್ಟೋಬರ್ 29ರಂದು, ಹಸಿರು ನಿಶಾನೆ ತೋರಿಸಿದವರು ಪ್ರಧಾನಿ ಮೋದಿ. ತೊಗರಿ ಬೆಳೆಗಾರನ ಮನೆಯಲ್ಲಿ ಮಾತು ಬೇರೆಯೇ ಇತ್ತು. ಬೆಂಬಲ ಬೆಲೆ 2016-17ರ 5,050 ರೂಪಾಯಿಯಿಂದ 2018-19ಕ್ಕೆ 5,675ಕ್ಕೆ ಏರಿದರೂ ಖರೀದಿ ಕೇಂದ್ರದಲ್ಲಿ ಒಬ್ಬ ರೈತನಿಂದ ಇಷ್ಟೇ ಕ್ವಿಂಟಲ್ ಎಂಬ ಮಿತಿ, ಉಳಿದದ್ದು ಮಾರುಕಟ್ಟೆಯಲ್ಲಿ ಸಿಕ್ಕ ಬೆಲೆಗೆ. ಡಿಗ್ರಿ ಮುಗಿಸದ, ಪರೀಕ್ಷೆಗೆ ಕೂರದ ಮನೆಯವರಿಗೆ 371(ಜೆ)ಯಿಂದ ನೇರವಾಗಿ ಬರುವುದು ಏನೂ ಇಲ್ಲ. ಜಿಲ್ಲೆಯಲ್ಲಿ ಅಂಥ ಮನೆಗಳೇ ಬಹಳ.

ಬಿಟ್ಟು ಹೋದವರು

2014ರಲ್ಲಿ ಗುಲ್ಬರ್ಗ ಲೋಕಸಭಾ ವ್ಯಾಪ್ತಿಯ ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಏಳರಲ್ಲಿ ಕಾಂಗ್ರೆಸ್ ಶಾಸಕರಿದ್ದರು, ಗುಲ್ಬರ್ಗ ದಕ್ಷಿಣ ಒಂದೇ ಬಿಜೆಪಿಯದು. 2018ರ ನಂತರ ಅಫಜಲಪುರ, ಜೇವರ್ಗಿ, ಚಿತ್ತಾಪುರ, ಗುಲ್ಬರ್ಗ ಉತ್ತರ ಈ ನಾಲ್ಕು ಕಾಂಗ್ರೆಸ್ಸಿಗೆ ಉಳಿದವು, ಸೇಡಂ, ಗುಲ್ಬರ್ಗ ಗ್ರಾಮೀಣ, ಗುಲ್ಬರ್ಗ ದಕ್ಷಿಣ ಬಿಜೆಪಿಗೆ, ಗುರುಮಠಕಲ್ ಜೆಡಿಎಸ್ಸಿಗೆ. ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಲೆಕ್ಕದಲ್ಲಿ ಐದು-ಮೂರು, ಕಾಗದದ ಮೇಲೆ ಗೆಲ್ಲುವ ಕ್ಷೇತ್ರ.

ಕಾಗದ ಎಲ್ಲಿ ತಪ್ಪಿತೆಂಬುದಕ್ಕೆ ಗುರುಮಠಕಲ್ ಸಾಕು. 2018ರಲ್ಲಿ ಅಲ್ಲಿ ಜೆಡಿಎಸ್‌ನ ನಾಗನಗೌಡ ಕಂದಕೂರ ಸೋಲಿಸಿದ್ದು ಕಾಂಗ್ರೆಸ್ಸಿನ ಬಾಬುರಾವ್ ಚಿಂಚನಸೂರ ಅವರನ್ನು. ಸೋತ ಚಿಂಚನಸೂರ ಕೆಲವೇ ತಿಂಗಳಲ್ಲಿ ಬಿಜೆಪಿಗೆ ಹೋದರು. ಕೋಲಿ-ಕಬ್ಬಲಿಗ ಸಮಾಜದಲ್ಲಿ ಅವರ ಮಾತಿಗೆ ತೂಕವಿತ್ತು. ಹೀಗಾಗಿ ಕಾಂಗ್ರೆಸ್ಸಿನ ಮತ ಹಿಡಿದಿದ್ದವರು ಎದುರಿಗೆ, ಕಾಂಗ್ರೆಸ್ ವಿರುದ್ಧ ಹತ್ತು ತಿಂಗಳ ಹಿಂದಷ್ಟೇ ಮತ ಹಾಕಿಸಿದ್ದ ಜೆಡಿಎಸ್ ಕಾರ್ಯಕರ್ತರು ಈಗ ಕಾಂಗ್ರೆಸ್ಸಿಗೆ ಮತ ಕೇಳಬೇಕು. ಬೆಂಗಳೂರಿನಲ್ಲಿ ನಾಯಕರು ಕೈ ಕುಲುಕಿದರೆ ಬೂತಿನಲ್ಲಿ ಕಾರ್ಯಕರ್ತ ಕೈ ಜೋಡಿಸುತ್ತಾನೆಂಬ ಖಾತರಿ ಇಲ್ಲ. ಅಫಜಲಪುರದಲ್ಲಿ ಆರು ಸಲ ಗೆದ್ದಿದ್ದ ಮಾಲೀಕಯ್ಯ ಗುತ್ತೇದಾರ 2018ರ ಚುನಾವಣೆಗೆ ಮೊದಲೇ ಬಿಜೆಪಿ ಸೇರಿದ್ದರು.

ಈ ಅಸಮಾಧಾನದ ಬೇರು 2016ರ ಜೂನ್‌ನ ಸಂಪುಟ ಪುನರ್‌ರಚನೆಯಲ್ಲಿದೆ. ಅವಿಭಜಿತ ಜಿಲ್ಲೆಯ ಖಮರುಲ್ ಇಸ್ಲಾಂ ಮತ್ತು ಚಿಂಚನಸೂರ ಇಬ್ಬರನ್ನೂ ಕೈಬಿಟ್ಟು ಪ್ರಿಯಾಂಕ್ ಖರ್ಗೆ ಅವರನ್ನು ಮಂತ್ರಿ ಮಾಡಲಾಯಿತು. ಪ್ರಿಯಾಂಕ್ ಅವರ ಸಾಮರ್ಥ್ಯ ಇಲ್ಲಿ ಪ್ರಶ್ನೆಯಲ್ಲ. ಇಬ್ಬರನ್ನು ತೆಗೆದು ಒಬ್ಬರನ್ನು ಕೂರಿಸಿದ ಆ ಲೆಕ್ಕ, 'ಪಕ್ಷ ಒಂದೇ ಮನೆಯದಾಯಿತು' ಎನ್ನುವವರಿಗೆ ಮಾತು ಒದಗಿಸಿತು. ಮೂರು ವರ್ಷ ಆ ಮಾತಿಗೆ ಪಕ್ಷದೊಳಗಿಂದ ಯಾರೂ ಉತ್ತರ ಹುಡುಕಲಿಲ್ಲ ಎಂಬುದು ನಿಜವಾದ ತಪ್ಪು.

ಕೊನೆಯವರು ಉಮೇಶ ಜಾಧವ. 2013, 2018ರಲ್ಲಿ ಚಿಂಚೋಳಿಯಿಂದ ಕಾಂಗ್ರೆಸ್ ಶಾಸಕರಾಗಿದ್ದ ವೈದ್ಯರು 2019ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು, ಕಲಬುರಗಿಯ ಮೋದಿ ಸಮಾವೇಶದಲ್ಲಿ ಬಿಜೆಪಿ ಸೇರಿದರು. ಚಿಂಚೋಳಿ ಇರುವುದು ಕಲಬುರಗಿ ಜಿಲ್ಲೆಯಲ್ಲಾದರೂ ಲೋಕಸಭೆಗೆ ಅದು ಬೀದರ್ ಕ್ಷೇತ್ರದ ಪಾಲು. ಅಂದರೆ ಜಾಧವ ತಮ್ಮ ಸ್ವಂತ ಮತದಾರರಿಲ್ಲದ ಕ್ಷೇತ್ರದಲ್ಲಿ ನಿಂತು 6,20,192 ಮತ ಪಡೆದರು.

ಎರಡು ಸುಲಭ ಉತ್ತರಗಳು

ಮೊದಲನೆಯದು ಜಾತಿ. ಮೀಸಲು ಕ್ಷೇತ್ರದಲ್ಲಿ ಎಲ್ಲ ಅಭ್ಯರ್ಥಿಗಳೂ ಪರಿಶಿಷ್ಟ ಜಾತಿಯವರೇ ಆದ್ದರಿಂದ ಫಲಿತಾಂಶ ನಿರ್ಧಾರವಾಗುವುದು ಉಳಿದವರ ಮತದಿಂದ: ಲಿಂಗಾಯತ, ಕಬ್ಬಲಿಗ, ಕುರುಬ, ಮುಸ್ಲಿಂ. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಲಂಬಾಣಿಗಳೂ ಇದ್ದಾರೆ. ತಾಂಡಾದ ಮತ ಒಟ್ಟಾಗಿ ಜಾಧವರಿಗೆ ಹೋದದ್ದೇ ಸೋಲಿಗೆ ಕಾರಣವೆಂದು ಹಲವರು ಬರೆದರು. ಆದರೆ 2009ರಲ್ಲೂ 2014ರಲ್ಲೂ ಬಿಜೆಪಿ ನಿಲ್ಲಿಸಿದ್ದ ಬೆಳಮಗಿ ಕೂಡ ಲಂಬಾಣಿ ಸಮಾಜದವರೇ. ಎರಡು ಸಲ ಸಾಲದ ಕಾರಣ ಮೂರನೇ ಸಲ ಒಮ್ಮೆಲೇ ಸಾಕಾಗುವುದಿಲ್ಲ. ಒಳಮೀಸಲಾತಿಗಾಗಿ (ಪರಿಶಿಷ್ಟ ಜಾತಿಯೊಳಗಿನ ಗುಂಪುಗಳಿಗೆ ಪ್ರತ್ಯೇಕ ಪಾಲು) ಸದಾಶಿವ ಆಯೋಗದ ವರದಿ ಜಾರಿಯಾಗಬೇಕೆಂದು ಕಾದಿದ್ದ ಎಡಗೈ ಸಮುದಾಯದ ಬೇಸರವೂ ಇತ್ತು. ಖರ್ಗೆ ಅವರ ಒಟ್ಟು ಮತ ಇಳಿದಿಲ್ಲವೆಂಬುದನ್ನು ನೆನಪಿಟ್ಟರೆ ಅದರ ಪ್ರಮಾಣಕ್ಕೂ ಮಿತಿ ಸಿಗುತ್ತದೆ.

ಎರಡನೆಯದು ದ್ರೋಹ: ಬಿಟ್ಟುಹೋದವರು ಸೋಲಿಸಿದರು. ಇದನ್ನು ತೂಗಲು ನೆರೆಯ ಕ್ಷೇತ್ರಗಳೇ ತಕ್ಕಡಿ. 2019ರಲ್ಲಿ ಬೀದರ್‌ನಲ್ಲಿ ಈಶ್ವರ ಖಂಡ್ರೆ ಸೋತ ಅಂತರ 1,16,834. ರಾಯಚೂರಿನಲ್ಲಿ ಬಿ.ವಿ. ನಾಯಕ ಸೋತದ್ದು 1,17,716 ಮತಗಳಿಂದ. ಬೀದರ್‌ಗೆ ಸೇರಿದ ಜಾಧವರ ಚಿಂಚೋಳಿಯೊಂದನ್ನು ಬಿಟ್ಟರೆ ಅಲ್ಲಿ ಗುತ್ತೇದಾರ, ಚಿಂಚನಸೂರ, ಜಾಧವ ಯಾರೂ ಇರಲಿಲ್ಲ. ಕಲಬುರಗಿಯ 95,452 ಎರಡಕ್ಕಿಂತ ಕಡಿಮೆ. ಪುಲ್ವಾಮಾ, ಬಾಲಾಕೋಟ್ ನಂತರದ ಆ ಚುನಾವಣೆಯಲ್ಲಿ ಬಿಜೆಪಿ ರಾಜ್ಯದ 28ರಲ್ಲಿ 25 ಗೆದ್ದಿತು, ಈ ಭಾಗದ ಐದೂ ಅದಕ್ಕೇ. ತುಮಕೂರಿನಲ್ಲಿ ದೇವೇಗೌಡರು, ಚಿಕ್ಕಬಳ್ಳಾಪುರದಲ್ಲಿ ವೀರಪ್ಪ ಮೊಯಿಲಿ, ಕೋಲಾರದಲ್ಲಿ ಕೆ.ಎಚ್. ಮುನಿಯಪ್ಪ ಸೋತರು. ಹೀಗಿರುವಾಗ ಖರ್ಗೆ ಅವರ ಹಳೆಯ ಕೆಲಸ ಅಂತರವನ್ನು ತಗ್ಗಿಸಿತು ಎಂದೇ ಓದಬೇಕು. ಬಿಟ್ಟುಹೋದವರು ಗಾಳಿಗೆ ಹಾಯಿ ಕಟ್ಟಿದರು ನಿಜ, ಗಾಳಿ ಎಬ್ಬಿಸಿದ್ದು ಅವರಲ್ಲ. ಈ ತೀರ್ಮಾನ ಜಿಲ್ಲೆಯ ಎರಡೂ ಪಾಳಯಕ್ಕೆ ರುಚಿಸುವುದಿಲ್ಲ: ಒಬ್ಬರಿಗೆ ದ್ರೋಹಿಗಳು ಬೇಕು, ಇನ್ನೊಬ್ಬರಿಗೆ ಸೋಲಿಸಿದ ಶೂರರು ಬೇಕು.

ಸೋಲಿನ ನಂತರ

2020ರ ಜೂನ್‌ನಲ್ಲಿ ಖರ್ಗೆ ಅವಿರೋಧವಾಗಿ ರಾಜ್ಯಸಭೆಗೆ ಹೋದರು. 2021ರ ಫೆಬ್ರುವರಿಯಲ್ಲಿ ಅಲ್ಲಿನ ವಿರೋಧ ಪಕ್ಷದ ನಾಯಕರಾದರು. ಲೋಕಸಭೆಯಲ್ಲಿ ಸಿಗದ ಮಾನ್ಯತೆ ಇಲ್ಲಿ ಪೂರ್ಣವಾಗಿಯೇ ಸಿಕ್ಕಿತು. 2022ರ ಅಕ್ಟೋಬರ್‌ನಲ್ಲಿ ಶಶಿ ತರೂರ್ ಎದುರು 7,897 ಮತ ಪಡೆದು ಪಕ್ಷದ ಅಧ್ಯಕ್ಷರಾದರು.

ಜಿಲ್ಲೆಯಲ್ಲಿ ದುರಸ್ತಿ 2023ರಲ್ಲಿ ಶುರುವಾಯಿತು. ಚಿಂಚನಸೂರ ಮಾರ್ಚ್‌ನಲ್ಲಿ ಕಾಂಗ್ರೆಸ್ಸಿಗೆ ಮರಳಿದರು, ಆದರೂ ಗುರುಮಠಕಲ್ ಮತ್ತೆ ಜೆಡಿಎಸ್ ಪಾಲಾಯಿತು. ಕಲಬುರಗಿ ಜಿಲ್ಲೆಯ ಒಂಬತ್ತರಲ್ಲಿ ಏಳು ಕಾಂಗ್ರೆಸ್ಸಿಗೆ ಬಂದವು. ಬಿಜೆಪಿಗೆ ಉಳಿದ ಎರಡರಲ್ಲಿ ಒಂದು ಚಿಂಚೋಳಿ, ಅಲ್ಲಿನ ಶಾಸಕ ಉಮೇಶ ಜಾಧವರ ಮಗ ಅವಿನಾಶ. 2024ರ ಏಪ್ರಿಲ್‌ನಲ್ಲಿ, ಮತದಾನಕ್ಕೆ ಕೆಲವೇ ದಿನ ಇದ್ದಾಗ, ಗುತ್ತೇದಾರರೂ ವಾಪಸು ಬಂದರು.

ಈ ಮಧ್ಯೆ ಬಂದ ರಾಜ್ಯದ ಕಾಂಗ್ರೆಸ್ ಸರ್ಕಾರದ ಗ್ಯಾರಂಟಿಗಳು ಸುಧಾರಣೆ ಮನೆ ತಲುಪುವ ರೀತಿಯನ್ನೇ ಬದಲಿಸಿದವು. ಗೃಹಜ್ಯೋತಿಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ಕಲಬುರಗಿಯಲ್ಲೇ. ಕರೆಂಟ್ ಬಿಲ್ ಸೊನ್ನೆ, ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಸೊನ್ನೆ ಟಿಕೆಟ್, ಮನೆಯೊಡತಿಯ ಖಾತೆಗೆ 2,000 ರೂಪಾಯಿ. ಸಹಾಯಕ ಆಯುಕ್ತರ ಮೇಜು ಇಲ್ಲ, ವೃಂದದ ಪಟ್ಟಿ ಇಲ್ಲ, ಪರೀಕ್ಷೆ ಇಲ್ಲ. 371(ಜೆ)ಯ ಬೆಲೆ ಇದಕ್ಕಿಂತ ಬಹಳ ದೊಡ್ಡದು, ಒಂದು ಎಂಬಿಬಿಎಸ್ ಸೀಟು ಒಂದು ಮನೆತನವನ್ನೇ ಎತ್ತುತ್ತದೆ. ಆದರೆ ಅದು ನೂರು ಮನೆಗೆ ಒಂದರಂತೆ ತಲುಪುವ ಹೊತ್ತಿಗೆ ಇದು ಪ್ರತಿ ಓಣಿಯಲ್ಲೂ ತಲುಪಿತ್ತು. 2024ರಲ್ಲಿ ರಾಜ್ಯದ 28ರಲ್ಲಿ ಕಾಂಗ್ರೆಸ್ ಗೆದ್ದದ್ದು ಒಂಬತ್ತು. ಅದರಲ್ಲಿ ಐದು ಕಲ್ಯಾಣ ಕರ್ನಾಟಕದ ಐದೂ ಕ್ಷೇತ್ರಗಳು.

ಕಲಬುರಗಿಯ ಅಂಕಿಯನ್ನು ಮತ್ತೊಮ್ಮೆ ನೋಡಿದರೆ 2019 ತಲೆಕೆಳಗಾಗಿ ಮರಳಿದೆ. ಕಾಂಗ್ರೆಸ್ 1,27,581 ಮತ ಹೆಚ್ಚಿಸಿಕೊಂಡಿತು, ಬಿಜೆಪಿಯೂ 4,924 ಹೆಚ್ಚಿಸಿಕೊಂಡಿತು. ಗುತ್ತೇದಾರ, ಚಿಂಚನಸೂರ ಹಿಂದಿರುಗಿದರೂ 2019ರಲ್ಲಿ ಆ ಕಡೆ ಸೇರಿದ್ದ ಮತಗಳ ಒಟ್ಟು ಮೊತ್ತ ಕರಗಲಿಲ್ಲ. 27,205ರ ಗೆಲುವು ಹೊಸದಾಗಿ ಬೂತಿಗೆ ಬಂದವರದು. 6,25,116 ಇನ್ನೂ ಎದುರಿಗೇ ಇದೆ.